ಎಲ್ಲ ಮನೆಯ ಅಕ್ಕಿ

ಬೋಮ್ ರೆತಿರೊ, ಸಾವೊ ಪಾವ್ಲೊ
16 ಮಾರ್ಚ್ 1997, ಭಾನುವಾರ

ಮಿರಾನ್,

ನೀನಾಗಿ ಬರೆಯುವವಳಲ್ಲ ಎಂದು ಖಾತ್ರಿಯಾದ ಮೇಲೆ ನಾನೇ ಬರೆಯುತ್ತಿದ್ದೇನೆ. ಫೋನು ಮಾಡೋಣವೆಂದರೆ ನಿಮ್ಮಪ್ಪ ಅಂಗಡಿಯಲ್ಲಿರುವ ಇನ್ನೊಂದು ಫೋನೆತ್ತಿ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಾರೆ. ಸಿಕ್ಕಿಬಿದ್ದರೆ, "ನಾನ್ಯಾಕೆ ಕೇಳ್ಲಿ, ಲೈನ್ ಸರಿಯಿದ್ಯಾ ಅಂತ ನೋಡ್ದೆ ಅಷ್ಟೆ" ಅನ್ನುತ್ತಾರೆ. ಹೊಲಿಗೆ ಯಂತ್ರ ರಿಪೇರಿ ಮಾಡುವವರಿಗೆ ಲೋಕದಲ್ಲಿರುವ ತಂತಿಗಳೆಲ್ಲ ತಮ್ಮವೇ. ಅದಕ್ಕೇ ಈ ಕಾಗದ.

ಚರ್ಚಿನ ಹೊಸ ಕಟ್ಟಡ ಮುಗಿಯಿತು. ಮೇಲೆ ಆರಾಧನೆಯ ಹಾಲು, ಕೆಳಗೆ ಊಟದ ಹಾಲು, ಅದರ ಪಕ್ಕಕ್ಕೆ ನಮ್ಮ ಅಡುಗೆಮನೆ. ಹೊಸ ಕಟ್ಟಡದ ಜೊತೆಗೆ ಸಭೆಯ ಹಿರಿಯರಿಗೆ ಹೊಸ ಬುದ್ಧಿಯೂ ಬಂದಿದೆ. ಇನ್ನು ಮುಂದೆ ಹೆಂಗಸರು ಕಾಣಿಕೆಯಕ್ಕಿ ತರುವುದು ಬೇಡವಂತೆ. ಬಾಗಿಲ ಪಕ್ಕದ ಮಣ್ಣಿನ ಹಂಡೆಯಿಂದ ಹುಳ ಬರುತ್ತದಂತೆ, ನೋಡುವವರು ನಮ್ಮನ್ನು ಇನ್ನೂ ಬಡವರು ಅಂದುಕೊಳ್ಳುತ್ತಾರಂತೆ. ಆ ನಿರ್ಣಯದ ಕೆಳಗೆ ಮೂರನೆಯ ರುಜು ಯಾರದು ಅಂದುಕೊಂಡೆ? ನಿಮ್ಮಪ್ಪನದೇ.

ನನ್ನ ಅಮ್ಮ ಕೊರಿಯಾದಲ್ಲಿ ಯುದ್ಧದ ವರ್ಷವೂ ಆ ಅಕ್ಕಿ ತೆಗೆದಿಡುವುದನ್ನು ಬಿಟ್ಟವಳಲ್ಲ. ಹೊತ್ತು ಹೊತ್ತಿಗೂ ಅನ್ನಕ್ಕೆ ಅಕ್ಕಿ ಅಳೆಯುವಾಗ ಮನೆಯ ತಲೆಗೊಂದು ಚಮಚದಂತೆ ಬಟ್ಟೆಚೀಲಕ್ಕೆ ಹಾಕುವುದು, ಭಾನುವಾರ ಹಂಡೆಗೆ ಸುರಿಯುವುದು. ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ ಪಾದ್ರಿಯ ಮನೆಯ ಒಲೆ ಉರಿದದ್ದೇ ಅದರಿಂದ. ನಮ್ಮ ಮನೆಯಿಂದ ಮೂರು ಚಮಚ. ನಿಮ್ಮಪ್ಪನದು, ನನ್ನದು, ನಿನ್ನದು. ನೀನು ಹೋದ ಮೇಲೂ ಮೂರೇ.

"ಮನೇಲಿಲ್ದೋರಿಗೂ ಅಕ್ಕಿ ತೆಗೀತೀಯಲ್ಲೇ?" ಅಂತ ನಿಮ್ಮಪ್ಪ ಒಂದು ದಿನ ಕೇಳಿದರು.

"ಚಮಚ ನಂದು. ನೀವು ನಿಮ್ಮ ಸ್ಕ್ರೂಡ್ರೈವರ್ ನೋಡ್ಕೊಳ್ಳಿ" ಅಂದೆ.

ಹೋದ ಭಾನುವಾರ ಒಕ್‌ಬೂನ್ ಅಕ್ಕನೂ ನಾನೂ ಸೇರಿ ಆ ಹಂಡೆಯನ್ನು ಎಲ್ಲರ ಕಣ್ಣೆದುರಿಗೇ ಹೊತ್ತು ಮೆಟ್ಟಿಲಿಳಿಸಿದೆವು. ಹಿರಿಯರೊಬ್ಬರು ಅಡ್ಡ ಬಂದರು. ಒಕ್‌ಬೂನ್ ಅಕ್ಕ, "ಬಾಗ್ಲಲ್ಲಿ ಬೇಡ ಅಂದ್ರಿ. ಅಡುಗೆಮನೇಲಿ ಬೇಡ ಅಂದಿಲ್ವಲ್ಲ? ಸರೀರಿ, ಸೊಂಟ ನೋಯ್ತಾ ಇದೆ" ಅಂದಳು. ಸರಿದರು.

ದೇವರ ವಾಕ್ಯ ಹೇಳುವವರ ಹೊಟ್ಟೆಗೆಂದು ತೆಗೆದಿಟ್ಟ ಅಕ್ಕಿ ಅದು. ಇಲ್ಲಿಯ ಪಾದ್ರಿಗೆ ಈಗ ಸಂಬಳವಿದೆ, ಕಾರಿದೆ. ಆದ್ದರಿಂದ ಮೊದಲನೆಯ ಚೀಲವನ್ನು ನಿನ್ನ ಅಸುನ್ಸಿಯೋನ್ ಬಸ್ಸಿಗೆ ಹಾಕಿದ್ದೇವೆ. ನಿಲ್ದಾಣಕ್ಕೆ ಹೋಗಿ ಬಿಡಿಸಿಕೋ.

ನಿನ್ನ ಅಮ್ಮ,
ಚುಂಜಾ


ಅಸುನ್ಸಿಯೋನ್, ಪರಗ್ವಾಯ್
9 ಏಪ್ರಿಲ್ 1997

ಅಮ್ಮ,

ಅಕ್ಕಿ ಬಂತು. ಗಡಿಯಲ್ಲಿ ಸುಂಕದವರು ಚೀಲಕ್ಕೆ ಸರಳು ಚುಚ್ಚಿ ಏನೇನೋ ಹುಡುಕಿದ್ದಾರೆ, ದಾರಿಯುದ್ದಕ್ಕೂ ಸೋರಿದೆ. ಬಸ್ಸಿನ ಗುಮಾಸ್ತ ಚೀಲವನ್ನು ನನ್ನ ಕಡೆ ತಳ್ಳಿ, "ಪರಗ್ವಾಯಲ್ಲಿ ಅಕ್ಕಿ ಸಿಗಲ್ಲ ಅಂತ ನಿಮ್ಮನೇವ್ರಿಗೆ ಯಾರು ಹೇಳಿದ್ದು?" ಎಂದು ಕೇಳಿದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಇನ್ನು ಕಳಿಸಬೇಡ.

ನಾನು ಚೆನ್ನಾಗಿದ್ದೇನೆ. ನಮ್ಮ ಚರ್ಚು ಮಾರುಕಟ್ಟೆಯಲ್ಲಿ ಒಂದು ಚಪ್ಪಲಿ ಅಂಗಡಿಯ ಮೇಲಿದೆ. ಬೆಳಗಿನ ಜಾವದ ಪ್ರಾರ್ಥನೆ, ಕಾಯಿಲೆಯವರ ಮನೆ, ಸಾವಿನ ಮನೆ, ಮಕ್ಕಳ ಪಾಠ, ಭಾನುವಾರ ಬೈಬಲ್ ಬೋಧಿಸುವ ಪ್ರಸಂಗ ಎಲ್ಲ ನಾನೇ. ನನ್ನನ್ನು ಉಪದೇಶಿ ಎಂದು ಕರೆಯುತ್ತಾರೆ. ಹೆಂಗಸು ಪ್ರಸಂಗ ಮಾಡಬಾರದು ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಗಂಡಸನ್ನು ಸಾಕುವ ಶಕ್ತಿ ಅವರಿಗಿಲ್ಲ, ಅಷ್ಟೆ.

ನಿನ್ನ ಕಾಗದದಲ್ಲಿ ಹಂಡೆಯಿದೆ, ಹುಳವಿದೆ, ಒಕ್‌ಬೂನ್ ದೊಡ್ಡಮ್ಮನ ಸೊಂಟವಿದೆ. ಇರಬೇಕಾದ ಮಾತಿಲ್ಲ. ನಾನೇ ಎತ್ತುತ್ತೇನೆ.

ಬೋಮ್ ರೆತಿರೊದ ನಮ್ಮ ಚರ್ಚಿನಲ್ಲಿ ಎರಡು ಪೀಠ. ಮೆಟ್ಟಿಲು ಹತ್ತಿ ಹೋಗುವ ಮೇಲಿನದು ಪಾದ್ರಿಗೆ. ನೆಲದ ಮೇಲಿರುವ ಸಣ್ಣದು ಹೆಂಗಸರಿಗೆ, ಮಕ್ಕಳಿಗೆ, ಕಳೆದುಹೋದ ಛತ್ರಿಯ ಪ್ರಕಟಣೆಗೆ. ಆ ಬುಧವಾರ ಪಾದ್ರಿಗೆ ಜ್ವರ ಬಂದು ನನಗೆ ಪ್ರಸಂಗ ಮಾಡಲು ಹೇಳಿ ಕಳಿಸಿದರು. ಎಲ್ಲಿ ನಿಲ್ಲಬೇಕೆಂದು ಹೇಳಿರಲಿಲ್ಲ. ನಾನು ಚಪ್ಪಲಿ ಕಳಚಿ ಮೇಲೆ ಹತ್ತಿದೆ. ನಾಲ್ಕು ಮಾತಾಡುವಷ್ಟರಲ್ಲಿ ಮೈಕು ಸತ್ತಿತು. ಕರೆಂಟು ಹೋಯಿತೆಂದುಕೊಂಡೆ. ದೀಪ ಉರಿಯುತ್ತಲೇ ಇತ್ತು. ಹಿಂದೆ ನೋಡಿದರೆ ಧ್ವನಿಯ ಮೇಜಿನಲ್ಲಿ ಅಪ್ಪ, ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು. ಮುಖದಲ್ಲಿ ಕೋಪವೂ ಇರಲಿಲ್ಲ. ದಾರ ಸಿಕ್ಕಿಕೊಂಡ ಯಂತ್ರವನ್ನು ನಿಲ್ಲಿಸಿದ ಹಾಗೆ ಇದ್ದರು. ನಾನು ಇಳಿದು ಬಂದೆ, ಅದೇ ವಾರ ಬಸ್ಸು ಹತ್ತಿದೆ.

ಅಪ್ಪನ ವಿಷಯ ಬಿಡು, ಅವರಿಂದ ನಾನು ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ನೀನು ಮೂರನೆಯ ಸಾಲಿನಲ್ಲಿದ್ದೆ. ಹಾಡಿನ ಪುಸ್ತಕ ನೋಡುತ್ತಿದ್ದೆ.

ಮಿರಾನ್


ಬೋಮ್ ರೆತಿರೊ
18 ಮೇ 1997

ಮಿರಾನ್,

ನಿನ್ನ ಕಾಗದ ಓದಿ ಸಕ್ಕರೆ ಡಬ್ಬದ ಕೆಳಗಿಟ್ಟಿದ್ದೇನೆ. ಸಕ್ಕರೆ ಕಾಯಿಲೆ ಶುರುವಾದ ಮೇಲೆ ನಿಮ್ಮಪ್ಪ ಆ ಕಡೆ ಕೈ ಹಾಕುವುದಿಲ್ಲ.

ಈಗ ನನ್ನ ಸುದ್ದಿ ಕೇಳು. ನಮ್ಮ ಬೀದಿಯಲ್ಲೇ ಬಾಂಗ್ ಹಿರಿಯರ ಹೊಲಿಗೆ ಕಾರ್ಖಾನೆಯಿದೆಯಲ್ಲ, ಅಲ್ಲಿ ವಿಲ್ಮಾ ಎಂಬ ಬೊಲಿವಿಯಾದ ಹುಡುಗಿಯೊಬ್ಬಳು ಕೆಲಸಕ್ಕಿದ್ದಾಳೆ. ಬೆನ್ನಿಗೆ ಕಟ್ಟಿಕೊಂಡ ಮಗು, ಎರಡು ಜಡೆ, ಬಾಯಿ ತೆರೆದರೆ ಸ್ಪ್ಯಾನಿಷ್. ಹೊಲಿಯುವುದೂ ಅಲ್ಲೇ, ಮಲಗುವುದೂ ಅಲ್ಲೇ. ಭಾನುವಾರ ಯಂತ್ರಗಳು ನಿಂತರೆ ಹೋಗಲು ಜಾಗವಿಲ್ಲ. ನಮ್ಮ ಹಾಡು ಕೇಳಿಕೊಂಡು ಬಂದು ಗೇಟಿನ ಹೊರಗೆ ನಿಂತಿದ್ದಳು. ನನ್ನ ಮುರುಕು ಪೋರ್ತುಗೀಸ್ ಅವಳಿಗೆ ತಿಳಿಯಲಿಲ್ಲ, ಅವಳದು ನನಗೆ ತಿಳಿಯಲಿಲ್ಲ. ಬಟ್ಟಲು ತೋರಿಸಿದೆ. ಅದು ತಿಳಿಯಿತು. ಮುಂದಿನ ವಾರ ಗೆಳತಿಯರನ್ನೂ ಕರೆತಂದಳು.

ತನ್ನ ಕಾರ್ಖಾನೆಯ ಹುಡುಗಿ ತನ್ನ ಎದುರಿಗೇ ಕೂತು ತಾನು ಕುಡಿಯುವ ಸಾರನ್ನೇ ಸುರ್ ಎಂದು ಕುಡಿಯುವುದು ಬಾಂಗ್ ಹಿರಿಯರಿಗೆ ಗಂಟಲಲ್ಲಿ ಇಳಿಯಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು. "ನೋಡೀಮ್ಮಾ, ಒಳ್ಳೇ ಹುಡ್ಗೀರೇ. ಆದ್ರೆ ನಮ್ಮೂಟ ಎಲ್ಲ ಆದ್ಮೇಲೆ ಹಿಂದ್ಗಡೆ ಬಡಿಸಿದ್ರೆ ಪಾಪ, ಅವ್ರಿಗೂ ಸಂಕೋಚ ಇರಲ್ಲ."

"ಸಂಕೋಚ ಅವ್ರಿಗಾ, ನಿಮ್ಗಾ?" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಅವರು ಸಮಿತಿಯಲ್ಲಿ ನಿರ್ಣಯ ಮಾಡಿಸಿದರು. ಹಿಂದುಗಡೆ, ಊಟವಾದ ಮೇಲೆ. ಸರಿ. ಮರುವಾರ ನಾವೆಲ್ಲ ಬಂದೆವು, ಹಾಡಿದೆವು, ಆಶೀರ್ವಾದಕ್ಕೆ ಆಮೆನ್ ಅಂದೆವು, ಕೆಳಗಿಳಿದು ಊಟದ ಮೇಜುಗಳಿಗೆ ಹೋಗಿ ಕೈಕಟ್ಟಿ ಕೂತೆವು. ಒಬ್ಬಳೂ ಅಡುಗೆಮನೆಯ ಕಡೆ ತಿರುಗಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳು ಅಳತೊಡಗಿದವು. ಕೊನೆಗೆ ನಿಮ್ಮಪ್ಪ ಕೋಟು ಕಳಚಿ ಒಳಗೆ ಹೋದರು. ಕಣ್ಣು ಮುಚ್ಚಿಕೊಂಡು ಹೊಲಿಗೆ ಯಂತ್ರ ಬಿಚ್ಚಿ ಜೋಡಿಸುವ ಮನುಷ್ಯ, ಪೊಟ್ಟಣದ ನೂಡಲ್ಸನ್ನು ತಣ್ಣೀರಿಗೆ ಸುರಿದು ಆಮೇಲೆ ಒಲೆ ಹಚ್ಚಿದರು. ಊಟದ ಹಾಲಿನಲ್ಲಿ ಕೂತವರೆಲ್ಲ ಅಂಟು ತಿಂದರು. ಒಕ್‌ಬೂನ್ ಅಕ್ಕ ಒಂದು ತುತ್ತು ಎತ್ತಿ ನೋಡಿ, "ಹಿರಿಯರೇ, ಚೆನ್ನಾಗಿದೆ. ಗೋಡೆಗೆ ಕಾಗ್ದ ಅಂಟ್ಸಕ್ಕೆ ಉಳಿದಿದ್ರೆ ನಮ್ಮನೆಗೆ ಕೊಡಿ" ಅಂದಳು. ವಿಲ್ಮಾಗೆ ಮಾತು ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಮನೆಗೆ ಬಂದು ನಿಮ್ಮಪ್ಪ, "ನನ್ನ ಮರ್ಯಾದೆ ಮೂರು ಕಾಸು ಮಾಡಿದ್ಯಲ್ಲೇ" ಅಂದರು.

"ತಣ್ಣೀರಿಗೆ ಹಾಕಿದ್ದು ನಾನಾ?" ಅಂದೆ.

ಆ ನಿರ್ಣಯದ ಬಗ್ಗೆ ಈಗ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಹಿರಿಯರು ಸೋಲುವುದೇ ಹಾಗೆ. ಬಂದವರು ಬಂದ ಹಾಗೆ ಕೂರುತ್ತಾರೆ, ನಾವು ಬಡಿಸುತ್ತೇವೆ.

ನಿನ್ನ ಕಡೆಯ ಸಾಲಿಗೆ ಈಗ ಉತ್ತರ ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಆ ಮೇಲಿನ ಪೀಠವನ್ನು ನಾವು ಬ್ರೆಜಿಲ್‌ಗೆ ಬಂದಾಗಿನಿಂದ ಪ್ರತಿ ಶನಿವಾರ ಮಂಡಿಯೂರಿ ಒರೆಸುತ್ತಿರುವವಳು ನಾನು. ಒರೆಸಲು ಹತ್ತಿದಾಗ ಯಾರೂ ಏನನ್ನೂ ಆಫ್ ಮಾಡಲಿಲ್ಲ.

ಅಕ್ಕಿ ಮತ್ತೆ ಕಳಿಸಿದ್ದೇನೆ. ಬೇಡವೆಂದರೆ ಕೋಳಿಗೆ ಹಾಕು. ಈ ಸಲ ಎರಡು ಚೀಲ ಒಂದರೊಳಗೊಂದು ಇಟ್ಟು ಹೊಲಿದಿದ್ದೇನೆ, ಸುಂಕದವರು ಕತ್ತಿ ತರಲಿ.

ಅಮ್ಮ


ಅಸುನ್ಸಿಯೋನ್
22 ಜೂನ್ 1997

ಅಮ್ಮ,

ನೂಡಲ್ಸಿನ ಕಥೆಯನ್ನು ಇಲ್ಲಿಯ ಹೆಂಗಸರಿಗೆ ಓದಿ ಹೇಳಿದೆ. ನಿನ್ನ ಹೆಸರಿನಲ್ಲಿ ಪ್ರಾರ್ಥನೆ ಮಾಡಿದರು. ಅಪ್ಪನ ಹೆಸರಿನಲ್ಲೂ ಮಾಡಿದರು, ನಕ್ಕು ನಕ್ಕು ಮುಗಿಸಲಾಗಲಿಲ್ಲ.

ಅಕ್ಕಿಯನ್ನು ಸಿಟ್ಟಿನಿಂದ ಮೂಲೆಗೆ ತಳ್ಳಿದ್ದೆ. ಮೊನ್ನೆ ಬಿರುಮಳೆ ಬಂದು ಮಾರುಕಟ್ಟೆ ಮುಚ್ಚಿತು. ಮನೆಯಲ್ಲಿ ಬೇರೆ ಅಕ್ಕಿಯಿರಲಿಲ್ಲ, ಬಿಚ್ಚಿ ಬೇಯಿಸಿದೆ. ಕಾಣಿಕೆಯಕ್ಕಿ ಹೇಗೆ ಬೇಯುತ್ತದೆ ಎನ್ನುವುದನ್ನೇ ಮರೆತಿದ್ದೆ. ದಪ್ಪಕ್ಕಿ, ಸಣ್ಣಕ್ಕಿ, ಉದ್ದಕ್ಕಿ, ಅಂಟಕ್ಕಿ, ಹಳೆಯದು, ಹೊಸದು. ಒಂದು ತುತ್ತಿನಲ್ಲಿ ಅರ್ಧ ಮುದ್ದೆ, ಅರ್ಧ ಕಲ್ಲು. ಚಿಕ್ಕವಳಿದ್ದಾಗ ಪಾದ್ರಿಯ ಮಗಳು ನಮ್ಮ ಮನೆಗೆ ಬಂದರೆ, "ನಿಮ್ಮನೇಲಿ ಅನ್ನ ಎಲ್ಲಾ ಒಂದೇ ಥರ ಇರತ್ತೆ" ಎಂದು ಬೆರಗಾಗಿ ತಿನ್ನುತ್ತಿದ್ದದ್ದು ನೆನಪಾಯಿತು.

ಬಾರ್ಲಿ ಒಕ್‌ಬೂನ್ ದೊಡ್ಡಮ್ಮನದು. ಉದ್ದಕ್ಕಿ ಸುಜೊಂಗ್‌ಳದು ಇರಬೇಕು. ಬ್ರೆಜಿಲ್ ಹುಡುಗನನ್ನು ಮದುವೆಯಾದಳೆಂದು ಹಿರಿಯರು ಯಾರೂ ಅವಳ ಮದುವೆಗೆ ಹೋಗಲಿಲ್ಲವಲ್ಲ. ಅಂಥವಳ ಅಕ್ಕಿಯೂ ಹಂಡೆಗೆ ಬಂದಿದೆ. ಕಪ್ಪು ಹುರುಳಿಯಂಥದ್ದು ಒಂದೆರಡು ಸಿಕ್ಕಿತು, ಅದು ಕನ್ನಡಕ ಹಾಕದೆ ಅಳೆಯುವ ನಿನ್ನದೇ. ಸಾಸಿವೆಯಷ್ಟು ಸಣ್ಣ ಬಿಳಿ ಕಾಳೊಂದು ಮಾತ್ರ ಯಾರ ಮನೆಯದೆಂದು ತಿಳಿಯಲಿಲ್ಲ. ಬೆಂದರೆ ಬಾಲ ಬಿಡುತ್ತದೆ. ಯಾರದು?

ತಿನ್ನುತ್ತಾ ಅತ್ತೆ. ಅಡುಗೆ ಚೆನ್ನಾಗಿರಲಿಲ್ಲ, ಅದಕ್ಕೂ ಇರಬಹುದು.

ಇನ್ನೊಂದು ಸುದ್ದಿ. ಇಲ್ಲಿಯವರು ಈಗ ಸ್ವಲ್ಪ ಚೇತರಿಸಿಕೊಂಡಿದ್ದಾರೆ. ಅಕ್ಟೋಬರಿನಲ್ಲಿ ಸಿಯೋಲ್‌ನಿಂದ ಒಬ್ಬ ಹೊಸ ಪಾದ್ರಿಯನ್ನು ಕರೆಸುತ್ತಾರಂತೆ. ನನಗಿಂತ ಚಿಕ್ಕವನು. ಚಪ್ಪಲಿ ಅಂಗಡಿಯ ಯಜಮಾನರು ಬಂದು, "ಉಪದೇಶಿಯವ್ರೇ, ನೀವೇನೂ ಹೋಗ್ಬೇಕಿಲ್ಲ. ಪಿಯಾನೋ ನುಡಿಸ್ಕೊಂಡು ಇರಿ" ಅಂದರು. ನನಗೆ ಪಿಯಾನೋ ಬರುವುದಿಲ್ಲ. ಅದು ಕೂಡ ಅವರಿಗೆ ಗೊತ್ತಿಲ್ಲ.

ಮಿರಾನ್


ಬೋಮ್ ರೆತಿರೊ
10 ಆಗಸ್ಟ್ 1997

ಉಪದೇಶಿ ಮಿರಾನ್ ಅವರಿಗೆ, ಅಡುಗೆಮನೆಯ ಹೆಂಗಸರ ನಮಸ್ಕಾರ.

ಹೀಗೇ ಶುರು ಮಾಡಬೇಕೆಂದು ಒಕ್‌ಬೂನ್ ಅಕ್ಕನ ಅಪ್ಪಣೆ. ನನ್ನ ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಾಳೆ.

ಮೊದಲು ಆ ಬಿಳಿ ಕಾಳು. ಅದು ಕಿನೋವಾ, ವಿಲ್ಮಾಳ ಊರಿನದು. ನಾವು ಚೀಲಗಳನ್ನು ಹಂಡೆಗೆ ಸುರಿಯುವುದನ್ನು ಅವಳು ವಾರ ವಾರವೂ ನೋಡಿದ್ದಾಳೆ. ಒಂದು ಭಾನುವಾರ ಅಂಗಿಯ ಜೇಬಿನಿಂದ ಒಂದು ಗಂಟು ತೆಗೆದು ಬಿಚ್ಚಿ ಸುರಿದಳು. ತನಗೊಂದು ಚಮಚ, ಮಗುವಿಗೊಂದು. ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲಿದ್ದವರ ಕಣ್ಣಲ್ಲೆಲ್ಲ ನೀರು. ನಾನು ಮಾತ್ರ ಈರುಳ್ಳಿ ಹೆಚ್ಚುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಊಟವಾದ ಮೇಲೆ ಆ ಹುಡುಗಿಯರು ಎದ್ದು ಹೋಗುವುದಿಲ್ಲ. ಏನನ್ನೋ ಕೇಳಬೇಕೆಂದು ಕಾಯುತ್ತಾರೆ. ಒಬ್ಬಳ ಊರಿನಲ್ಲಿ ತಾಯಿ ಸತ್ತಿದ್ದಾಳೆ, ಒಬ್ಬಳ ಪಾಸ್‌ಪೋರ್ಟನ್ನು ಯಜಮಾನ ಇಟ್ಟುಕೊಂಡಿದ್ದಾನೆ, ವಿಲ್ಮಾಗೆ ಮಗುವಿಗೆ ದೀಕ್ಷಾಸ್ನಾನ ಮಾಡಿಸುವ ಆಸೆ. ನಾವು ತಲೆಯಾಡಿಸಿ ಬೆನ್ನು ಸವರುತ್ತೇವೆ. ಎಷ್ಟು ದಿನ ಬೆನ್ನು ಸವರುವುದು? ನಮ್ಮಲ್ಲಿ ಸ್ಪ್ಯಾನಿಷ್ ಬರುವವರು ಯಾರಿದ್ದಾರೆ? ಇದ್ದವಳು ಒಬ್ಬಳು ಹೋಗಿ ಚಪ್ಪಲಿ ಅಂಗಡಿಯ ಮೇಲೆ ಕೂತಿದ್ದಾಳೆ.

ಆದ್ದರಿಂದ ನಾವು ನಿನ್ನನ್ನು ಕರೆಯುತ್ತಿದ್ದೇವೆ. ನನ್ನ ಮಗಳೆಂದಲ್ಲ. ಉಪದೇಶಿ ಎಂದು. ಭಾನುವಾರದ ಊಟವಾದ ಮೇಲೆ ಕೆಳಗಿನ ಹಾಲಿನಲ್ಲಿ ಆರಾಧನೆ, ಸ್ಪ್ಯಾನಿಷಿನಲ್ಲಿ. ಇರಲು ಒಕ್‌ಬೂನ್ ಅಕ್ಕನ ಮನೆಯ ಮಹಡಿಯ ಕೋಣೆ. ಸಂಬಳಕ್ಕೆ ಹಂಡೆಯ ಅಕ್ಕಿ. ನಿಲ್ಲುವುದಕ್ಕೆ ನಾವು ಕಿಮ್ಚಿ ಉಪ್ಪಿನಕಾಯಿಗೆಂದು ಎಲೆಕೋಸಿಗೆ ಉಪ್ಪು ಹಚ್ಚುವ ದೊಡ್ಡ ಮೇಜು.

ಪಾದ್ರಿಯನ್ನು ಕೇಳಿದೆವು. "ಪ್ರಾರ್ಥನೆ ಮಾಡೋಣ" ಅಂದರು. ಆಗದು ಎನ್ನಲು ಅವರ ಹತ್ತಿರವಿರುವ ಮಾತು ಅದೊಂದೇ. ಬಾಂಗ್ ಹಿರಿಯರು, "ಕಾರ್ಖಾನೆ ಹುಡ್ಗೀರ ತಲೇಲಿ ಏನೇನು ತುಂಬ್ತೀರಿ?" ಎಂದು ಕಿರುಚಿದರು. ನಿಮ್ಮಪ್ಪ ಮನೆಗೆ ಬಂದು ನೀರೂ ಕುಡಿಯದೆ, "ನಾನು ಬದುಕಿರೋವರ್ಗೂ ಆಗಲ್ಲ" ಅಂದರು.

"ಹಾಗಾದ್ರೆ ಡಾಕ್ಟ್ರ ಹತ್ರ ಹೋಗಿ ಸರಿಯಾಗಿ ತೋರಿಸ್ಕೊಳ್ಳಿ. ನೀವು ಬದುಕಿರುವಾಗ್ಲೇ ಆಗತ್ತೆ" ಅಂದೆ.

ಕೆಳಗಿನ ಹಾಲಿನ ಬೀಗದ ಕೈ ನನ್ನ ಸೊಂಟದಲ್ಲಿದೆ. ಬಾ.

ಎಲ್ಲರ ಪರವಾಗಿ,
ಚುಂಜಾ


ಅಸುನ್ಸಿಯೋನ್
7 ಸೆಪ್ಟೆಂಬರ್ 1997

ಅಮ್ಮ,

ಬರುವುದಿಲ್ಲ.

ಕರೆಯನ್ನು ಓದಿ ಕುಣಿದೆ. ಮರುದಿನ ಮತ್ತೆ ಓದಿದೆ. ಕೆಳಗಿನ ಹಾಲು, ಊಟವಾದ ಮೇಲೆ, ಎಲೆಕೋಸಿನ ಮೇಜು. ಅಮ್ಮ, ಬೊಲಿವಿಯಾದ ಹುಡುಗಿಯರಿಗೆ ಹಿಂದುಗಡೆ ಬಡಿಸಿ ಎಂದು ಬಾಂಗ್ ಹಿರಿಯರು ಹೇಳಿದಾಗ ನೀನು ಒಲೆಯನ್ನೇ ಹಚ್ಚಲಿಲ್ಲ. ಈಗ ವಾಕ್ಯವನ್ನು ಅದೇ ಹಿಂದುಗಡೆ ಬಡಿಸು ಎಂದು ನನಗೆ ಹೇಳುತ್ತಿದ್ದೀಯ. ಹಿರಿಯರು ಹೊರಗೆ ಕೂಗಾಡಬಹುದು, ಒಳಗೆ ಖುಷಿಯಾಗಿಯೇ ಇರುತ್ತಾರೆ. ಹೆಂಗಸು ಪ್ರಸಂಗ ಮಾಡಲೇಬೇಕೆಂದರೆ ಅಡುಗೆಮನೆಯಲ್ಲಿ ಮಾಡಲಿ, ಪಾತ್ರೆಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಮೈಕು ಆಫ್ ಮಾಡುವ ಕೆಲಸವೂ ಇಲ್ಲ.

ಪೀಠದಿಂದ ನನ್ನನ್ನು ಇಳಿಸಿದರು. ಕರೆಯುವುದಾದರೆ ಅಲ್ಲಿಗೇ ಕರೆಯಲಿ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೂ ನಾನು ನಿಲ್ಲುವುದಿಲ್ಲ. ಇಲ್ಲಿ ಪಿಯಾನೋ ಕಲಿಯುತ್ತೇನೆ ಬೇಕಾದರೆ.

ವಿಲ್ಮಾಗೆ ನನ್ನ ನಮಸ್ಕಾರ ಹೇಳು.

ಮಿರಾನ್


ಬೋಮ್ ರೆತಿರೊ
5 ಅಕ್ಟೋಬರ್ 1997

ಮಿರಾನ್,

ನಿನ್ನ ಕಾಗದವನ್ನು ಈ ಸಲ ಸಕ್ಕರೆ ಡಬ್ಬದ ಕೆಳಗೆ ಇಡಲಿಲ್ಲ. ಹೆಂಗಸರೆಲ್ಲರ ಮುಂದೆ ಓದಿದೆ. "ಹುಡುಗಿ ಹೇಳೋದ್ರಲ್ಲಿ ತಪ್ಪಿಲ್ಲ ಬಿಡು" ಎಂದು ಸುಜೊಂಗ್ ಅಂದಳು. ನನಗೆ ಮೈಯೆಲ್ಲ ಉರಿಯಿತು.

ಅಡುಗೆಮನೆ ನಿನಗೆ ಕೆಳಗೋ? ಸರಿ, ಮೇಲಿನ ಪೀಠ ಏನೆಂದು ಹೇಳುತ್ತೇನೆ ಕೇಳು. ನನಗಿಂತ ಚೆನ್ನಾಗಿ ಅದನ್ನು ಬಲ್ಲವರು ಆ ಚರ್ಚಿನಲ್ಲಿ ಇಲ್ಲ. ಅದು ಹಳೆಯ ಕಟ್ಟಡದಿಂದ ಹಾಗೇ ಹೊತ್ತು ತಂದ ಪ್ಲೈವುಡ್ಡು. ಮೇಲೆ ಕೆಂಪು ಜಮಖಾನೆ, ಒಳಗೆ ಟೊಳ್ಳು. ಪಕ್ಕದ ಬಾಗಿಲು ತೆರೆದರೆ ಮುರಿದ ಕುರ್ಚಿ, ಕ್ರಿಸ್‌ಮಸ್ ನಾಟಕದ ಕುರಿ, ಇಲಿ ಹಿಕ್ಕೆ. ಪಾದ್ರಿ ಜೋರಾಗಿ ಕಾಲು ಊರಿದರೆ ಡಬ್ ಅನ್ನುತ್ತದೆ. ನಮ್ಮ ಎಲೆಕೋಸಿನ ಮೇಜು ಒಂದೇ ಮರದ ಹಲಗೆ, ನಾಲ್ಕು ಜನ ಸೇರಿದರೂ ಅಲುಗುವುದಿಲ್ಲ. ಅದರ ಮೇಲೆ ಈ ಸಭೆಯ ಎಲ್ಲ ಮದುವೆಯ, ಎಲ್ಲ ಸಾವಿನ ಊಟ ತಯಾರಾಗಿದೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಗಂಡಸರು ಹೇಳಿಕೊಟ್ಟದ್ದನ್ನೇ ನೀನೂ ಒಪ್ಪಿಕೊಂಡು ಕೂತಿದ್ದೀಯ. ಅವರು ಎಳೆದ ಗೆರೆ ಅವರಿಗಿಂತ ನಿನಗೇ ಹೆಚ್ಚು ಮುಖ್ಯವಾಗಿದೆ.

ಹಿಂದುಗಡೆ ಬಡಿಸಲು ನಿನ್ನನ್ನು ಕರೆಯುತ್ತಿದ್ದೇನೆ ಅಂದೆಯಲ್ಲ, ಆ ಮಾತು ನನಗೆ ಚುಚ್ಚಿತು. ಹಿಂದುಗಡೆ ಅಂದರೆ ಬೇರೆಯವರು ಉಂಡು ಬಿಟ್ಟ ಜಾಗ. ನಾವು ನಿನ್ನನ್ನು ಕರೆಯುತ್ತಿರುವುದು ನಾವೆಲ್ಲ ಕೂತು ಉಣ್ಣುವ ಜಾಗಕ್ಕೆ. ಅಷ್ಟೂ ತಿಳಿಯದೆ ನೀನು ಏನು ಪ್ರಸಂಗ ಮಾಡುತ್ತೀಯೋ ನನಗೆ ಗೊತ್ತಿಲ್ಲ.

ಆ ಬುಧವಾರ ನಾನು ಹಾಡಿನ ಪುಸ್ತಕ ನೋಡುತ್ತಿದ್ದೆ ಎಂದು ಬರೆದಿದ್ದೀಯ. ಹೌದು, ನೋಡುತ್ತಿದ್ದೆ. ಆಮೇಲೆ ಎದ್ದೆ. ಹಂಡೆ ಹೊತ್ತದ್ದು, ಒಲೆ ಹಚ್ಚದೆ ಕೂತದ್ದು, ನಿಮ್ಮಪ್ಪನ ಜೊತೆ ದಿನಾ ಬಾಯಿ ಮಾಡುವುದು, ಇದೆಲ್ಲ ಎದ್ದು ನಿಂತದ್ದಲ್ಲದೆ ಇನ್ನೇನು? ನನಗೆ ಎದ್ದು ನಿಲ್ಲಲು ಬರುವುದು ಹೀಗೆಯೇ. ಇನ್ನೂ ಎಷ್ಟು ಎದ್ದು ತೋರಿಸಲಿ?

ನವೆಂಬರ್ 16 ಸುಗ್ಗಿ ಕೃತಜ್ಞತೆಯ ಭಾನುವಾರ. ಹಣ್ಣು, ಕುಂಬಳಕಾಯಿ, ಅಕ್ಕಿ ಮೂಟೆಗಳನ್ನು ಮೇಲಿನ ಪೀಠದ ಮುಂದೆ ಜೋಡಿಸುವುದು ವಾಡಿಕೆ. ಈ ವರ್ಷ ಒಂದು ನಿಂಬೆಹಣ್ಣೂ ಮೇಲಕ್ಕೆ ಹೋಗುವುದಿಲ್ಲ. ಎಲ್ಲವೂ ಕೆಳಗಿನ ಮೇಜಿನ ಸುತ್ತ. ಊಟವಾದ ಮೇಲೆ ಆರಾಧನೆ. ನೀನು ಬಾ, ಬಿಡು. ಬಾರದಿದ್ದರೆ ನಾನೇ ನಿಂತು ಮಾತಾಡುತ್ತೇನೆ, ಕೊರಿಯಾದ ಭಾಷೆಯಲ್ಲೇ. ಆ ಹುಡುಗಿಯರಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಆದರೂ ಮಾತಾಡುತ್ತೇನೆ. ಗಂಡಸರ ಎಷ್ಟು ಪ್ರಸಂಗ ತಿಳಿಯದೆ ಕೇಳಿದ್ದೇವೆ, ಈ ಹುಡುಗಿಯರು ನನ್ನದೊಂದು ಕೇಳಲಿ.

ಅಕ್ಕಿ ಕಳಿಸುವುದಿಲ್ಲ. ಬೇಕಾದರೆ ಬಂದು ಉಣ್ಣು.

ಅಮ್ಮ


ಬೋಮ್ ರೆತಿರೊ
2 ನವೆಂಬರ್ 1997

ಮಿರಾನ್,

ಈ ಕಾಗದ ಬರೆಯುತ್ತಿರುವುದು ನಿನ್ನ ತಾಯಿಗೆ ಗೊತ್ತಿಲ್ಲ. ಮನೆಯಲ್ಲಿ ಸಾರು ಸಿಗುತ್ತಿದೆ, ಮಾತು ಸಿಗುತ್ತಿಲ್ಲ. ದಿನವಿಡೀ ಅಡುಗೆಮನೆಯಲ್ಲಿ ಒಬ್ಬಳೇ ಜೋರಾಗಿ ಮಾತಾಡಿ ಅಭ್ಯಾಸ ಮಾಡುತ್ತಾಳೆ. ಪ್ರಸಂಗವಂತೆ. ಕೇಳಿಸಿಕೊಂಡೆ. ಬಹಳ ಉದ್ದವಿದೆ, ಮಧ್ಯೆ ಮಧ್ಯೆ ನನ್ನ ಹೆಸರೂ ಬರುತ್ತದೆ.

ನನ್ನ ಅಭಿಪ್ರಾಯ ಬದಲಾಗಿಲ್ಲ. ಹೆಂಗಸರು ಪ್ರಸಂಗ ಮಾಡುವುದು ಸರಿಯಲ್ಲವೆಂದು ನನಗೆ ಕಲಿಸಿದ್ದಾರೆ, ಈ ವಯಸ್ಸಿನಲ್ಲಿ ಬೇರೆ ಕಲಿಯಲಾರೆ. ಆ ಬುಧವಾರ ನಾನು ಮಾಡಿದ್ದನ್ನು ಹಿರಿಯನಾಗಿ ಮಾಡಿದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಊಟದ ಹಾಲಿಗೆ ಹೋಗುವ ಸ್ಪೀಕರ್ ತಂತಿಯನ್ನು ತೆಗೆದುಹಾಕಲು ಹೋದ ವಾರ ಸಮಿತಿ ನನಗೆ ಹೇಳಿತು. ತೆಗೆದೆ. ಅದು ಚರ್ಚಿನ ತಂತಿ, ಸಮಿತಿ ಹೇಳಿದಂತೆ ಕೇಳಬೇಕು. ಈಗ ಅಲ್ಲಿ ಹಾಕಿರುವುದು ನನ್ನ ಅಂಗಡಿಯ ತಂತಿ, ನನ್ನ ಅಂಗಡಿಯ ಸ್ಪೀಕರ್, ನನ್ನ ಮೈಕು. ಅದರ ಬಗ್ಗೆ ಸಮಿತಿ ನನಗೆ ಏನೂ ಹೇಳುವ ಹಾಗಿಲ್ಲ. ಬಾಂಗ್ ಹಿರಿಯರು, "ಏನ್ರೀ ಪ್ಯೋ, ನೀವೂನಾ?" ಎಂದು ಕೇಳಿದರು. "ಕೆಟ್ಟ ಸದ್ದು ನನಗೆ ಆಗಲ್ಲ, ನಿಮಗೇ ಗೊತ್ತಲ್ಲ" ಅಂದೆ. ಅವರ ಕಾರ್ಖಾನೆಯ ಯಂತ್ರಗಳೆಲ್ಲ ನನ್ನ ಕೈಯಲ್ಲೇ ರಿಪೇರಿಯಾಗಬೇಕು. ತಿರುಗಿ ಹೊರಟು ಹೋದರು.

ಒಂದು ವಿಷಯ ತಿಳಿಸು. ಸ್ವಿಚ್ಚು ಎಲ್ಲಿರಬೇಕು? ಮೇಜಿನ ಹತ್ತಿರವೋ, ಹಿಂದೆ ನಾನು ಕೂರುವ ಕಡೆಯೋ? ಗೋಡೆ ಕೊರೆಯಬೇಕು, ಬೇಗ ಬರೆ.

ಪ್ಯೋ ಸಂಗ್‌ಮೋಕ್
(ಅಪ್ಪ)


ಅಸುನ್ಸಿಯೋನ್
8 ನವೆಂಬರ್ 1997

ಅಪ್ಪ,

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಸಿಕ್ಕಿತು. ಚಪ್ಪಲಿ ಅಂಗಡಿಯವರಿಗೆ ಪಿಯಾನೋದ ಬೀಗದ ಕೈ ಕೊಟ್ಟು ಬಂದಿದ್ದೇನೆ. ಇದನ್ನು ಮೊದಲ ಬಸ್ಸಿನ ಚಾಲಕನ ಕೈಯಲ್ಲಿ ಕಳಿಸುತ್ತೇನೆ, ನನಗಿಂತ ಮುಂಚೆ ತಲುಪಬೇಕು. ನಾನು 15ರ ಶನಿವಾರ ಬಂದಿಳಿಯುತ್ತೇನೆ. ನಿಲ್ದಾಣಕ್ಕೆ ಯಾರೂ ಬರುವುದು ಬೇಡ, ಬರುವುದಾದರೆ ಕೋಟು ಹಾಕಿಕೊಳ್ಳಬೇಡಿ, ನನ್ನ ಹತ್ತಿರ ಪೆಟ್ಟಿಗೆಗಳಿವೆ.

ಅಮ್ಮನಿಗೆ ಹೇಳಿ, ಅಭ್ಯಾಸ ನಿಲ್ಲಿಸುವುದು ಬೇಡ. ಮೊದಲು ಅವಳು ಮಾತಾಡಲಿ, ನಾನು ಪಕ್ಕದಲ್ಲಿ ನಿಂತು ಸ್ಪ್ಯಾನಿಷಿನಲ್ಲಿ ಹೇಳುತ್ತೇನೆ. ನಿಮ್ಮ ಹೆಸರು ಬರುವ ಕಡೆಯೂ ಬಿಡದೆ ಹೇಳುತ್ತೇನೆ. ಆಮೇಲೆ ನಾನು. ಎಲೆಕೋಸಿನ ಮೇಜನ್ನು ಒರೆಸಿ ಇಡುವುದು ಬೇಡ ಅನ್ನಿ, ಬಂದ ಮೇಲೆ ನಾನೇ ಒರೆಸುತ್ತೇನೆ.

ನಿಮ್ಮ ಅಭಿಪ್ರಾಯ ಬದಲಾಗಿಲ್ಲ ಎಂದು ಬರೆದಿದ್ದೀರಿ. ನನ್ನದೂ ಬದಲಾಗಿಲ್ಲ. ಆ ಮೇಲಿನ ಪೀಠವನ್ನೂ ನಾನು ಬಿಟ್ಟುಕೊಟ್ಟಿಲ್ಲ, ಅದು ಆಮೇಲಿನ ಮಾತು.

ಸ್ವಿಚ್ಚು ಎಲ್ಲಿರಬೇಕೆಂದು ಕೇಳಿದ್ದೀರಿ. ಎಲ್ಲೂ ಬೇಡ. ನೇರ ತಂತಿ ಎಳೆಯಿರಿ.

ನಿಮ್ಮ ಮಗಳು,
ಉಪದೇಶಿ ಪ್ಯೋ ಮಿರಾನ್